ಚಿಕ್ಕಪ್ಪ ಮುಟ್ಟದ ನೀರು

ಮೊನ್ನೆ ಚಿತ್ರದುರ್ಗದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ರಸ್ತೆಯ ಬದಿಯಲ್ಲಿ ಒಬ್ಬ ಮುದುಕ ಕರಿಕಂಬಳಿಗಳನ್ನು ಹರವಿಕೊಂಡು ಕೂತಿದ್ದ. ಕೊಳ್ಳುವ ಮನಸ್ಸೇನೂ ಇರಲಿಲ್ಲ. ಆದರೂ ಬಗ್ಗಿ ಒಂದು ಕಂಬಳಿಯ ಅಂಚನ್ನು ಮೂಗಿಗೆ ಹಿಡಿದೆ. ಹುಣಸೆ ಬೀಜವನ್ನು ಅರೆದು ಕುದಿಸಿದ ಗಂಜಿಯ ಒಗರು, ಅದರೊಳಗೆ ಕುರಿಯ ಮೈಯ ಬಿಸಿ, ಅದಕ್ಕೂ ಒಳಗೆ ಮಣ್ಣಿನ ಗೋಡೆಯ ತಂಪು. ಅಷ್ಟು ಸಾಕಾಯಿತು. ಹಿರಿಯೂರಿನಿಂದ ಹೊಸದುರ್ಗಕ್ಕೆ ಹೋಗುವ ರಸ್ತೆಯ ಮಗ್ಗುಲಲ್ಲಿದ್ದ ನಮ್ಮ ಹಟ್ಟಿ, ಹಟ್ಟಿಯ ನಡುವಿನ ನಮ್ಮ ಮನೆ, ಪಡಸಾಲೆಯ ಮಗ್ಗದ ಗುಣಿಯಲ್ಲಿ ಕಾಲು ಇಳಿಬಿಟ್ಟು ಕೂತ ಅಪ್ಪ, ಬಾಗಿಲ ಬೆಳಕಿನಲ್ಲಿ ಉಣ್ಣೆ ಹಿಂಜುತ್ತಿದ್ದ ಅಜ್ಜಿ, ಎಲ್ಲರೂ ಆ ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ನನ್ನೆದುರು ಬಂದು ನಿಂತರು. ನಿಮಗೂ ಹೀಗೆ ಆಗಿರಬಹುದು. ಹೋದ ಮನೆಗಳು ನಾವು ಕರೆದಾಗ ಬರುವುದಿಲ್ಲ. ಅವಕ್ಕೆ ಬೇಕಾದಾಗ ಬರುತ್ತವೆ.

ಚಿಕ್ಕಪ್ಪನ ಹೆಸರು ಬೀರಣ್ಣ. ನಾನು ಎಂಟರ ಹುಡುಗಿಯಾಗಿದ್ದಾಗ, ಪಾಕಿಸ್ತಾನದ ಜೊತೆ ಯುದ್ಧವಾದ ಆ ಚಳಿಗಾಲದಲ್ಲಿ, ಅವನು ರಾಜಸ್ಥಾನದ ಗಡಿಯಲ್ಲಿದ್ದ. ಯುದ್ಧ ಮುಗಿಯಿತೆಂದು ರೇಡಿಯೋ ಹೇಳಿತು. ಅದಾದ ಮೇಲೆ ನಮ್ಮ ಮನೆಗೆ ಒಂದು ತಂತಿ ಬಂತು. ‘ಕಾಣೆಯಾಗಿದ್ದಾರೆ’ ಎಂದು ಪೋಸ್ಟ್ ಮಾಸ್ತರರು ಓದಿ ಹೇಳಿದರು. ಕಾಣೆಯಾಗುವುದೆಂದರೆ ಕುರಿಮರಿ ಕಾಣೆಯಾದ ಹಾಗೆ ಎಂದು ನಾನು ತಿಳಿದಿದ್ದೆ. ಹುಡುಕಿದರೆ ಯಾವುದೋ ಜಾಲಿಯ ಮರೆಯಲ್ಲಿ ಸಿಕ್ಕೇ ಸಿಗುತ್ತದೆ. ದೊಡ್ಡವರು ಹಾಗೆ ತಿಳಿಯಲಿಲ್ಲ. ನಾಲ್ಕು ತಿಂಗಳಾದ ಮೇಲೆ ಹಟ್ಟಿಯ ಹಿರಿಯರು ಬಂದು ಜಗಲಿಯ ಮೇಲೆ ಕೂತು, ಮುಂದಿನ ಕಾರ್ಯ ಮಾಡಿಬಿಡುವುದು ಒಳ್ಳೆಯದು ಎಂದು ಮೆಲ್ಲಗೆ ಅಂದರು. ಅಜ್ಜಿ ಹಿಂಜುತ್ತಿದ್ದ ಉಣ್ಣೆಯಿಂದ ತಲೆ ಎತ್ತಲಿಲ್ಲ. “ಹೆಣ ಎಲ್ಲೈತೆ ತೋರಿಸ್ರಿ, ಆಮೇಲೆ ಮಾಡ್ತೀನಿ” ಎಂದಳು. ಅವರು ಎದ್ದು ಹೋದರು. ಮಳೆಗಾಲ ಶುರುವಾಗುವ ಹೊತ್ತಿಗೆ ಚಿಕ್ಕಪ್ಪನ ಕೈಬರಹದ ಒಂದು ಕಾರ್ಡು ಬಂತು. ಸೆರೆಯಲ್ಲಿದ್ದೇನೆ, ಕ್ಷೇಮ, ಎರಡೇ ಮಾತು. ವರ್ಷ ತುಂಬುವ ಹೊತ್ತಿಗೆ ಅವನೇ ಬಂದ.

ಹಿರಿಯೂರಿನ ಬಸ್ಸಿನಿಂದ ಇಳಿದವನನ್ನು ನಾನು ಗುರುತಿಸಲೇ ಇಲ್ಲ. ಡೊಳ್ಳು ಬಾರಿಸಿದರು, ಹಾರ ಹಾಕಿದರು. ಆ ತೆಳ್ಳನೆಯ ಮನುಷ್ಯ ಹಾರದ ಭಾರಕ್ಕೆ ಬಗ್ಗಿದವನಂತೆ ನಡೆದು ಬಂದ. ಅಜ್ಜಿ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಸಂತೆಯಲ್ಲಿ ಕುರಿಯ ಹಲ್ಲು ನೋಡುವವಳಂತೆ, ತುಂಬ ಹೊತ್ತು ನೋಡಿದಳು. “ನನ್ನೋನೇ” ಅಂದಳು. ಆಮೇಲೆ ಒಳಗೆ ಹೋಗಿ ಮುದ್ದೆಗೆ ಎಸರಿಟ್ಟಳು.

ಕೆಂಚಮ್ಮ ಬಂದದ್ದು ಅದಾದ ಎಂಟನೆಯ ದಿನಕ್ಕೆ. ಹೊಸದುರ್ಗದಾಚೆ, ಹಾಲುರಾಮೇಶ್ವರದ ಹತ್ತಿರದ ಒಂದು ಹಳ್ಳಿಯವಳು. ಗಂಡ ತೀರಿಕೊಂಡಿದ್ದ, ಇದ್ದವನು ಒಬ್ಬನೇ ಮಗ, ತಿಪ್ಪೇಸ್ವಾಮಿ. ಅವನೂ ಚಿಕ್ಕಪ್ಪನೂ ಒಂದೇ ದಿನ ಸೈನ್ಯಕ್ಕೆ ಸೇರಿದವರು, ಒಂದೇ ತುಕಡಿಯವರು. ಅವಳ ಮನೆಗೂ ನಮ್ಮದೇ ಥರದ ತಂತಿ ಬಂದಿತ್ತು. ಆಮೇಲೆ ಕಾರ್ಡು ಮಾತ್ರ ಬಂದಿರಲಿಲ್ಲ. ಅವಳು ಸೆರಗಿನ ಗಂಟು ಬಿಚ್ಚಿ ಮಗನ ಫೋಟೋ ತೆಗೆದು ಚಿಕ್ಕಪ್ಪನ ಮುಂದೆ ಹಿಡಿದಳು.

“ಇವನ್ನ ಕಂಡ್ಯೇನಪ್ಪ ಅಲ್ಲಿ?”

ಚಿಕ್ಕಪ್ಪ ಫೋಟೋ ನೋಡಿದ. “ಇಲ್ಲ ಕಣವ್ವ, ಕಾಣ್ಲಿಲ್ಲ” ಎಂದ.

ಅಜ್ಜಿ ಅವಳ ಪಕ್ಕ ಕೂತು ಬೆನ್ನು ಸವರಿದಳು. “ನನ್ ಮಗನ್ನೂ ಸತ್ತ ಅಂದಿದ್ರು ಕಣಮ್ಮ. ಬರ್ಲಿಲ್ವಾ? ನಿನ್ನೋನೂ ಬತ್ತಾನೆ, ಸುಮ್ನಿರು.”

ಆ ಮಾತನ್ನು ಹಿಡಿದುಕೊಂಡೇ ಕೆಂಚಮ್ಮ ಐದು ವರ್ಷ ನಮ್ಮ ಮನೆಗೆ ಬಂದು ಹೋದಳು. ಎರಡು ಮೂರು ತಿಂಗಳಿಗೊಮ್ಮೆ, ಬಗಲಲ್ಲಿ ಹುರಿಗಡಲೆಯ ಚೀಲ, ತಲೆಯ ಮೇಲೆ ಸೆರಗು. ಬಂದವಳು ಸುಮ್ಮನೆ ಕೂರುತ್ತಿರಲಿಲ್ಲ. ಅಜ್ಜಿಯ ಜೊತೆ ಉಣ್ಣೆ ಹಿಂಜುತ್ತಿದ್ದಳು, ನನ್ನ ತಲೆ ಬಾಚಿ ಬಿಗಿಯಾಗಿ ಜಡೆ ಹಾಕುತ್ತಿದ್ದಳು, ಮಗ ಚಿಕ್ಕವನಿದ್ದಾಗ ಮಾಡಿದ ಚೇಷ್ಟೆಗಳನ್ನು ನಿನ್ನೆ ನಡೆದವೇನೋ ಎಂಬಂತೆ ಹೇಳುತ್ತಿದ್ದಳು. ಹಾಲುರಾಮೇಶ್ವರದ ಗಂಗೆಯ ಹೊಂಡದ ಮುಂದೆ ಬೇಡಿಕೊಂಡು ನಿಂತರೆ ಗುರುತಾಗಿ ಹಣ್ಣೋ ಹೂವೋ ತೇಲಿ ಬರುತ್ತದೆಂದು ನಮ್ಮ ಕಡೆಯವರ ನಂಬಿಕೆ. ಒಮ್ಮೆ ಅವಳಿಗೆ ಅಲ್ಲಿ ಬಾಳೆಹಣ್ಣು ತೇಲಿ ಬಂದಿತ್ತು. ಅದನ್ನು ಹೇಳಲೆಂದೇ ಎರಡು ಬಸ್ಸು ಬದಲಿಸಿ ಬಂದಿದ್ದಳು. ಆ ದಿನ ನಾವೆಲ್ಲ ಹಬ್ಬದವರಂತೆ ಇದ್ದೆವು. ಅವಳು ಬಂದಾಗಲೆಲ್ಲ ಚಿಕ್ಕಪ್ಪನಿಗೆ ಹೊಲದಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು. ಅದನ್ನು ನಾನು ಆಗ ಕಂಡಿದ್ದೆ, ಅರ್ಥ ಮಾಡಿಕೊಂಡಿರಲಿಲ್ಲ.

ಸೈನ್ಯ ಬಿಟ್ಟು ಬಂದ ಚಿಕ್ಕಪ್ಪ ತಾನಾಗಿ ರಾಜಕೀಯಕ್ಕೆ ಹೋಗಲಿಲ್ಲ. ಸುತ್ತಲಿನ ಹಳ್ಳಿಯವರಿಗೆ ಅರ್ಜಿ ಬರೆದುಕೊಡುವುದರಿಂದ ಅದು ಶುರುವಾಯಿತು. ಬರೆದುಕೊಟ್ಟು ಕಳಿಸುವ ಜಾಯಮಾನ ಅವನದಲ್ಲ. ಅರ್ಜಿಯವರ ಜೊತೆ ತಾನೂ ಹಿರಿಯೂರಿನ ಕಚೇರಿಗೆ ಹೋಗಿ ವರಾಂಡದಲ್ಲಿ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದ. ಇವತ್ತು ಆಗುವುದಿಲ್ಲ, ನಾಳೆ ಬಾ ಎಂದರೆ ಅಲ್ಲಿಂದ ಏಳುತ್ತಲೇ ಇರಲಿಲ್ಲ. “ಕಾಯೋದು ನನ್ಗೆ ರೂಢಿ ಐತೆ ಸಾಹೇಬ್ರೆ, ನಿಮ್ ಕೆಲ್ಸ ನೀವ್ ಮಾಡ್ರಿ” ಅನ್ನುತ್ತಿದ್ದ. ಒಂದು ವರ್ಷ ಸೆರೆಯಲ್ಲಿ ಕಾದವನ ಎದುರು ಯಾವ ಗುಮಾಸ್ತ ಎಷ್ಟು ದಿನ ಗಟ್ಟಿಯಾಗಿರಬಲ್ಲ? ಕೆಲಸಗಳು ಆದವು. ಜನ ‘ಮಿಲ್ಟ್ರಿ ಬೀರಣ್ಣ’ ಎಂದು ದೂರದ ಹಳ್ಳಿಗಳಿಂದ ಹುಡುಕಿಕೊಂಡು ಬಂದರು. ವಿಧಾನಸಭೆಯ ಚುನಾವಣೆ ಬಂದಾಗ ಅವರೇ ಹಟ ಹಿಡಿದು ಪಕ್ಷೇತರನಾಗಿ ನಿಲ್ಲಿಸಿದರು. ಆಗ ನನಗೆ ಹದಿನಾಲ್ಕು ತುಂಬಿತ್ತು.

ಪ್ರಚಾರದ ಉಸ್ತುವಾರಿಗೆ ಚಿತ್ರದುರ್ಗದಿಂದ ಒಬ್ಬ ವಕೀಲರು ಬಂದರು. ಒಳ್ಳೆಯ ಮಾತುಗಾರರು. ಸೆರೆಮನೆಯ ಕಷ್ಟವನ್ನು ವೇದಿಕೆಯ ಮೇಲೆ ಹೇಳು, ಬೆನ್ನಿನ ಗಾಯದ ಕಲೆ ತೋರಿಸು ಎಂದು ಅವರು ಚಿಕ್ಕಪ್ಪನಿಗೆ ದುಂಬಾಲು ಬಿದ್ದರು. ಅವನು ಒಪ್ಪಲಿಲ್ಲ. ಕೆರೆ, ಬಾವಿ, ರಸ್ತೆ, ಅಷ್ಟೇ ಮಾತಾಡಿ ಕೆಳಗಿಳಿಯುತ್ತಿದ್ದ. ಆಗ ವಕೀಲರ ಕಣ್ಣು ಕೆಂಚಮ್ಮನ ಮೇಲೆ ಬಿತ್ತು.

ಹೊಸದುರ್ಗದ ಸಂತೆ ಮೈದಾನದ ಸಭೆಗೆ ನಾವೆಲ್ಲ ಎತ್ತಿನ ಗಾಡಿ ಕಟ್ಟಿಕೊಂಡು ಹೋಗಿದ್ದೆವು. ಮಧ್ಯಾಹ್ನದ ಬಿಸಿಲು, ಧೂಳು, ಮಂಡಕ್ಕಿ ಮೆಣಸಿನಕಾಯಿಯ ಘಾಟು. ಕೆಂಚಮ್ಮನನ್ನು ಕೈಹಿಡಿದು ವೇದಿಕೆಗೆ ಹತ್ತಿಸಿದರು. ಮೈಕಿನ ಮುಂದೆ ಅವಳು ಮೊದಲು ಬೆದರಿದಳು. ಆಮೇಲೆ ಮಗನ ಫೋಟೋವನ್ನು ಎರಡು ಕೈಯಲ್ಲಿ ಎತ್ತಿ ಹಿಡಿದಳು. “ಬೀರಣ್ಣನ್ನ ಗೆಲ್ಸ್ರಪ್ಪ. ಗೆದ್ರೆ ದಿಲ್ಲಿಗೆ ಹೋಗಿ ನನ್ ಮಗನ್ನ ಕರ್ಕಂಡ್ ಬರ್ತಾನೆ. ನನ್ ಮಗ ಬದುಕವ್ನೆ.” ಮೈದಾನವೆಲ್ಲ ಮೂಗು ಒರೆಸಿಕೊಂಡಿತು. ಪಕ್ಕದ ಮುದುಕ “ಇನ್ನ ಗೆದ್ದಂಗೇ ಬಿಡು” ಎಂದ. ನಾನು ಹೆಮ್ಮೆಯಿಂದ ಚಿಕ್ಕಪ್ಪನ ಕಡೆ ನೋಡಿದೆ. ಅವನು ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದು, ಸುಣ್ಣ ಬಳಿದ ಗೋಡೆಯಂತೆ ಬಿಳಿಚಿಕೊಂಡು ಕೂತಿದ್ದ.

ಮರುದಿನ ಬೆಳಿಗ್ಗೆ ಅವನು ಅಜ್ಜಿಯ ಹತ್ತಿರ ಬಂದು, “ಅವ್ವ, ಕೆಂಚಮ್ಮನ ಮನಿಗೆ ಹೋಗಾಣ, ನೀನೂ ಬಾ” ಎಂದ. ಅಜ್ಜಿಯ ಕೈ ಹಿಡಿದುಕೊಂಡು ಬಸ್ಸು ಹತ್ತಿಸಲು ನಾನೂ ಹೊರಟೆ.

ಕೆಂಚಮ್ಮನ ಮನೆ ಒಂದಂಕಣದ್ದು. ಸಗಣಿಯಿಂದ ಸಾರಿಸಿದ ನೆಲ, ಮೂಲೆಯಲ್ಲಿ ರಾಗಿ ತುಂಬಿದ ಮಣ್ಣಿನ ವಾಡೆ, ಗೂಟಕ್ಕೆ ನೇತುಹಾಕಿದ ಮಗನ ಅಂಗಿ. ನಮ್ಮನ್ನು ಕಂಡು ಅವಳಿಗೆ ಎಲ್ಲಿಲ್ಲದ ಸಂಭ್ರಮ. “ಬರ್ರಿ, ಬರ್ರಿ, ಕುಂತ್ಕಳ್ರಿ” ಎಂದು ಚಾಪೆ ಹಾಸಿ, ಮೂವರ ಮುಂದೆಯೂ ಚೊಂಬುಗಳಲ್ಲಿ ನೀರು ತಂದಿಟ್ಟಳು. ಅಜ್ಜಿ ಕುಡಿದಳು. ನಾನೂ ಕುಡಿದೆ. ಚಿಕ್ಕಪ್ಪ ಚೊಂಬನ್ನೇ ನೋಡುತ್ತ ಕೂತ.

“ಕುಡಿಯಪ್ಪ, ಸಿಹಿ ಬಾವಿ ನೀರು” ಎಂದಳು ಕೆಂಚಮ್ಮ.

“ಈ ಮನೇಲಿ ನಾನು ನೀರು ಕುಡಿಯಂಗಿಲ್ಲ ಕಣವ್ವ” ಎಂದ ಚಿಕ್ಕಪ್ಪ. ಆಮೇಲೆ, ತಲೆ ಎತ್ತದೆ, ಹೇಳಿದ. “ತಿಪ್ಪೇಸಿ ನನ್ ತೊಡೆ ಮ್ಯಾಲೇ ಹೋದ. ನಮ್ಮನ್ನ ಹಿಡ್ದು ಲಾರೀಲಿ ಹಾಕ್ದಾಗ ಅವನ ಹೊಟ್ಟೆಗೆ ಗುಂಡು ಬಿದ್ದಿತ್ತು. ನೀರು, ನೀರು ಅಂದ. ನನ್ ಹತ್ರ ಬಾಟ್ಲೀಲಿ ಇತ್ತು. ಹೊಟ್ಟೆಗೆ ಗಾಯ ಆದೋರಿಗೆ ನೀರು ಕೊಟ್ರೆ ಸಾಯ್ತಾರೆ ಅಂತ ಟ್ರೇನಿಂಗ್‌ನಾಗೆ ಹೇಳಿದ್ರು. ಕೊಡ್ಲಿಲ್ಲ. ಎರಡು ದಿನ ಕೇಳ್ದ. ಕೊಡ್ಲೇ ಇಲ್ಲ. ಆದ್ರೂ ಹೋದ. ಮರಳಾಗೆ ಮಣ್ಣು ಮಾಡಿದ್ವಿ. ಬಿಡುಗಡೆ ಆದಾಗ ಆಫೀಸರು ಕೇಳಿದ್ರು, ಅವಾಗ್ಲೂ ಬಾಯಿ ಬರ್ಲಿಲ್ಲ, ಗೊತ್ತಿಲ್ಲ ಅಂದೆ. ನೀನು ಫೋಟೋ ಹಿಡ್ಕಂಡ್ ಬಂದಾಗ್ಲೂ ಹಂಗೇ ಅಂದೆ.”

ಹೊರಗೆ ಯಾರೋ ಎಮ್ಮೆಗೆ ಹೈ ಹೈ ಅನ್ನುತ್ತಿದ್ದರು. ಕೆಂಚಮ್ಮ ಗೂಟದ ಮೇಲಿನ ಅಂಗಿಯ ಕಡೆ ನೋಡುತ್ತಿದ್ದಳು. ಅವಳು ಅಳುತ್ತಾಳೆ, ಚೀರುತ್ತಾಳೆ ಎಂದು ನಾನು ಕೈಕಾಲು ಮುದುಡಿಕೊಂಡು ಕಾದೆ. ಅವಳು ಮಾತಾಡಿದಾಗ ದನಿ ಬಹಳ ಸಣ್ಣಗಿತ್ತು.

“ನೀರು ಕೊಡ್ಲಿಲ್ಲ ಅಂದಿದ್ದಕ್ಕೆ ಸಿಟ್ಟಿಲ್ಲಪ್ಪ. ಬದುಕ್ಲಿ ಅಂತ ಕೊಡ್ಲಿಲ್ಲ ನೀನು. ಆದ್ರೆ ಐದು ವರ್ಸ ಹೇಳ್ಲಿಲ್ವಲ್ಲೋ. ಐದು ಸಲ ಹಿರೇರ ಹಬ್ಬ ಬಂತು. ಎಲ್ರ ಮನೇಲೂ ಸತ್ತೋರಿಗೆ ಎಡೆ ಇಟ್ಟು ನೀರು ಬಿಟ್ರು. ಬದುಕವ್ನೆ ಅಂತ ನಾನ್ ಇಡ್ಲಿಲ್ಲ. ನನ್ ಮಗ ಐದು ಸಲ ಬಾಗ್ಲಿಗ್ ಬಂದು, ಹಸ್ಕಂಡು, ಬಾಯಾರ್ಕಂಡು ಹಿಂದಕ್ಕೆ ಹೋದ್ನಲ್ಲೋ.”

ಅಜ್ಜಿ ತೆವಳಿಕೊಂಡು ಹೋಗಿ ಅವಳ ಕಾಲು ಹಿಡಿದಳು. “ಬತ್ತಾನೆ ಅಂತ ಹೇಳ್ದೋಳು ನಾನು ಕಣೇ, ನನ್ನ ಬಯ್ಯಿ” ಎಂದಳು. ಕೆಂಚಮ್ಮ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ಅಜ್ಜಿಯನ್ನು ಎಬ್ಬಿಸಲೂ ಇಲ್ಲ. “ಹೋಗ್ರಿ ಈಗ” ಎಂದಳು. ನಾವು ಹೊರಟೆವು. ಚಿಕ್ಕಪ್ಪನ ಚೊಂಬು ಚಾಪೆಯ ಮುಂದೆ ಹಾಗೇ ಇತ್ತು.

ವಕೀಲರಿಗೆ ವಿಷಯ ತಿಳಿದಾಗ, ಮತದಾನ ಮುಗಿಯುವವರೆಗೆ ಬಾಯಿ ಬಿಡಬೇಡ ಎಂದು ಕೈಮುಗಿದರು. ಆ ಸಂಜೆಯ ಸಭೆಯಲ್ಲೇ ಚಿಕ್ಕಪ್ಪ ಮೈಕು ಹಿಡಿದು ಹೇಳಿಬಿಟ್ಟ. “ಕೆಂಚಮ್ಮನ ಮಗ ಬರೋದಿಲ್ಲ. ನನ್ ಕಣ್ಮುಂದೆ ಸತ್ತ. ನಾನು ಮುಚ್ಚಿಟ್ಟಿದ್ದೆ. ಆಯಮ್ಮ ನಿಮ್ಗೆ ಸುಳ್ಳು ಹೇಳ್ಲಿಲ್ಲ, ಸುಳ್ಳು ನಂದು. ಇಷ್ಟು ತಿಳ್ಕಂಡು ಆಮೇಲೆ ಓಟು ಹಾಕ್ರಿ, ಬಿಡ್ರಿ.” ಯಾರೂ ಚಪ್ಪಾಳೆ ತಟ್ಟಲಿಲ್ಲ. ವಕೀಲರು ಮರುದಿನದ ಮೊದಲ ಬಸ್ಸಿಗೆ ಹೊರಟುಹೋದರು. ಉಳಿದ ದಿನಗಳಲ್ಲಿ ಅಪ್ಪ ಮಗ್ಗ ನಿಲ್ಲಿಸಿ, ಒಂದು ಚಕ್ರ ಕಿರುಗುಡುವ ಗಾಡಿಯಲ್ಲಿ ತಮ್ಮನನ್ನು ಕೂರಿಸಿಕೊಂಡು ಹಳ್ಳಿ ತಿರುಗಿದ. ಕೆಲವು ಊರುಗಳಲ್ಲಿ ಬಾಗಿಲು ಹಾಕಿಕೊಂಡರು. ಕೆಲವು ಊರುಗಳಲ್ಲಿ ಹೆಂಗಸರು ಹೊರಗೆ ಬಂದು ಸುಮ್ಮನೆ ಅವನ ಮುಖ ನೋಡಿದರು. ಚಿಕ್ಕಪ್ಪ ಗೆದ್ದ, ಬಹಳ ಕಡಿಮೆ ಅಂತರದಲ್ಲಿ. ಗೆದ್ದ ದಿನ ಮನೆಯ ಮುಂದೆ ಡೊಳ್ಳು ಬಾರಿಸಲು ಬಂದವರನ್ನು ಅಜ್ಜಿ ಮಜ್ಜಿಗೆ ಕೊಟ್ಟು ಕಳಿಸಿಬಿಟ್ಟಳು.

ಶಾಸಕನಾದ ಮೇಲೆ ಅವನು ಮಾಡಿದ್ದರಲ್ಲಿ ಎರಡನ್ನು ಮಾತ್ರ ಹೇಳುತ್ತೇನೆ. ತಿಪ್ಪೇಸ್ವಾಮಿಯ ಸಾವನ್ನು ಕಣ್ಣಾರೆ ಕಂಡದ್ದಾಗಿ ಬರೆದುಕೊಟ್ಟು, ಆ ತಾಯಿಗೆ ಸಲ್ಲಬೇಕಾದ ಪಿಂಚಣಿ ಸಲ್ಲುವವರೆಗೆ ಕಚೇರಿಗಳ ವರಾಂಡದಲ್ಲಿ ಮೊದಲಿನ ಹಾಗೇ ಕೂತ. ಇನ್ನೊಂದು, ನೀರಿಲ್ಲದ ಹಟ್ಟಿಹಟ್ಟಿಗೆ ಕೈಪಂಪಿನ ಬೋರು ಹಾಕಿಸಿದ. ಮಿಲ್ಟ್ರಿ ಬೀರಣ್ಣ ಹೋಗಿ ಬೋರಿನ ಬೀರಣ್ಣನಾದ. ಇವನಿಗೆ ನೀರಿನ ಹುಚ್ಚು ಎಂದು ಜನ ನಗುತ್ತಿದ್ದರು. ನಾವು ಮನೆಯವರು ನಗುತ್ತಿರಲಿಲ್ಲ.

ಕೆಂಚಮ್ಮ ಮತ್ತೆ ನಮ್ಮ ಮನೆಗೆ ಬರಲಿಲ್ಲ. ಆ ವರ್ಷದ ಹಿರಿಯರ ಹಬ್ಬದ ಹಿಂದಿನ ದಿನ ಮಾತ್ರ ಅವಳ ಊರಿನವನೊಬ್ಬ ಬಂದು, “ನಾಳೆ ಬರ್ಬೇಕಂತೆ” ಎಂದಷ್ಟೇ ಹೇಳಿ ಹೋದ. ಚಿಕ್ಕಪ್ಪ, ಅಜ್ಜಿ, ನಾನು ಜೀಪಿನಲ್ಲಿ ಹೋದೆವು. ಗೂಟದಿಂದ ಇಳಿಸಿದ ಅಂಗಿಯನ್ನು ಒಗೆದು ಮಡಿಸಿ ಮಣೆಯ ಮೇಲೆ ಇಟ್ಟಿದ್ದಳು. ಮುಂದೆ ಬಾಳೆಯೆಲೆ, ಅದರಲ್ಲಿ ಮುದ್ದೆ, ಹುರುಳಿ ಸಾರು, ಅನ್ನ, ಕಡಲೆಬೇಳೆ ಪಾಯಸ. ಅವಳು ಚೊಂಬನ್ನು ಚಿಕ್ಕಪ್ಪನ ಕೈಗೆ ಕೊಟ್ಟಳು.

“ನೀನೇ ಬಿಡಪ್ಪ ನೀರು. ನಿನ್ನನ್ನೇ ಕೇಳಿದ್ನಲ್ಲ ಅವನು.”

ಚಿಕ್ಕಪ್ಪ ಚೊಂಬು ಬಗ್ಗಿಸಿದಾಗ ಅರ್ಧ ನೀರು ಎಲೆಯ ಹೊರಗೇ ಚೆಲ್ಲಿತು. ಉಳಿದ ಅರ್ಧವನ್ನು ಬಿಟ್ಟ. ಆಮೇಲೆ ಕೆಂಚಮ್ಮ ಇನ್ನೊಂದು ಚೊಂಬು ತುಂಬಿ ತಂದು ಅವನ ಮುಂದೆ ಇಟ್ಟಳು. ಅವನು ಎತ್ತಿ, ಗಟಗಟನೆ, ಕೊರಳು ಅಂಗಿಯೆಲ್ಲ ತೊಯ್ಯುವಂತೆ ಕುಡಿದ.

ಈಗ ಅವರು ಯಾರೂ ಇಲ್ಲ. ಮೊದಲು ಅಜ್ಜಿ, ಆಮೇಲೆ ಕೆಂಚಮ್ಮ, ಅಪ್ಪ, ಕೊನೆಗೆ ಚಿಕ್ಕಪ್ಪ. ರಸ್ತೆ ಅಗಲವಾದಾಗ ಮನೆಯ ಮುಂಭಾಗ ಹೋಯಿತು. ಉಳಿದದ್ದನ್ನು ನಾವೇ ಕೆಡವಿದೆವು. ಅವನು ಹಾಕಿಸಿದ ಕೈಪಂಪುಗಳು ಒಂದೊಂದಾಗಿ ತುಕ್ಕು ಹಿಡಿದು ನಿಂತವು. ಅವನ ಹೆಸರು ಹೇಳಿದರೆ ಅಲ್ಲೊಬ್ಬ ಇಲ್ಲೊಬ್ಬ ಮುದುಕ ‘ಓ’ ಅನ್ನುತ್ತಾನೆ, ಅಷ್ಟೆ. ನನಗೆ ಮಾತ್ರ ಅವನೆಂದರೆ ಆ ಹಬ್ಬದ ಸಂಜೆ ನೆನಪಾಗುತ್ತದೆ. ಜೀಪು ಮಾರಿಕಣಿವೆಯ ದಾರಿಯಲ್ಲಿ ವಾಪಸು ಬರುತ್ತಿತ್ತು. ಗುಡ್ಡಗಳ ನಡುವೆ ಅಣೆಕಟ್ಟಿನ ನೀರು ಕೊನೆಯ ಬೆಳಕನ್ನು ಹಿಡಿದುಕೊಂಡಿತ್ತು. ಚಿಕ್ಕಪ್ಪ ಅಜ್ಜಿಯ ಹೆಗಲಿಗೆ ತಲೆಯಾನಿಸಿ, ಬಾಯಿ ತೆರೆದುಕೊಂಡು, ಕೂಸಿನ ಹಾಗೆ ನಿದ್ದೆ ಹೋಗಿದ್ದ. ಶಾಸಕರ ಜೀಪು ಎಂದು ಡ್ರೈವರು ಜೋರಾಗಿ ಓಡಿಸುತ್ತಿದ್ದ. ಅಜ್ಜಿ ಮುಂದಕ್ಕೆ ಕೈ ಚಾಚಿ ಡ್ರೈವರನ ಬೆನ್ನು ಮುಟ್ಟಿದಳು.

“ಮೆಲ್ಲಕೆ ಹೊಡಿಯಪ್ಪ,” ಎಂದಳು, “ಮಗ ಮಲ್ಗವ್ನೆ.”