ಬಂದೂಕಿನ ಕಪಾಟಿಗೆ ಎರಡು ಕೀಲಿ

ನನ್ನ ಮನಿಯೊಳಗೆ ಜ್ವಾಳದ ಹಿಟ್ಟು ಎರಡು ಕೀಲಿಯ ಹಿಂದೆ ಇರ್ತದೆ. ನೋಡಿದವರು ನಗ್ತಾರೆ. ನಗಲಿ. ಆ ಕಪಾಟು ಹಿಟ್ಟಿಗೆ ಅಂತ ಮಾಡಿಸಿದ್ದಲ್ಲ, ಬಂದೂಕಿಗೆ ಅಂತ ಮಾಡಿಸಿದ್ದು. ಗ್ವಾಡಿಗೆ ನಾಕು ಬೋಲ್ಟು ಹೊಡೆದು ಕೂಡಿಸ್ಯಾರೆ, ಮನಿ ಬಿದ್ದರೇ ಅದು ಅಲ್ಲಾಡೂದು. ಯಾಕೆ ಮಾಡಿಸಿದೆ ಅನ್ನೂದನ್ನ ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಹೇಳಿದರೆ ಮಾನ ಹೋಗೂ ಮನುಷ್ಯ ಈಗ ಇಲ್ಲ, ಅದಕ್ಕೆ ಬರೀತೇನೆ. ನಾನು ಮೂರನೇ ಇಯತ್ತೆ ತನಕ ಸಾಲಿಗೆ ಹೋದವಳು, ತಪ್ಪಿದ್ದರೆ ತಿದ್ದಿಕೊಂಡು ಓದ್ರಿ.

ನಮ್ಮ ಮನಿಯವರು ಪಲ್ಟಣದಲ್ಲಿದ್ದರು. ಬೆಳಗಾವಿ ಕಡೆ ಹಳ್ಳಿಯವರು. ಪಿಂಚಣಿ ಬಂದ ಮೇಲೆ ಪುಣೆಯಲ್ಲಿ ಒಂದು ಬ್ಯಾಂಕಿನ ಬಾಗಿಲು ಕಾಯೂ ಕೆಲಸ ಸಿಕ್ಕಿತು. ಆ ಕೆಲಸಕ್ಕೆ ಬಂದೂಕೂ ನಮ್ಮದೇ, ಲೈಸನ್ಸೂ ನಮ್ಮದೇ ಇರಬೇಕು. ಇವರು ಜೋಡ ನಳಿಗಿಯದೊಂದು ತಗೊಂಡರು. ಯೆರವಡಾದಲ್ಲಿ ಎರಡು ಕೋಣಿಯ ಮನಿ ಮಾಡಿದೆವು. ಮಕ್ಕಳಾಗಲಿಲ್ಲ. ಆ ಮಾತು ಅಲ್ಲಿಗೇ ಮುಗೀತು.

ಮುಂಜಾನೆ ದಾಡಿ ಮಾಡಿಕೊಂಡು, ಬೂಟು ತಿಕ್ಕಿಕೊಂಡು, ಬಂದೂಕು ಹೆಗಲಿಗೇರಿಸಿ ಹೋಗೂದು. ಸಂಜೆ ಬಂದು ಗವಸಣಿಗಿ ಹಾಕಿ ಕಾಟಿನ ಕೆಳಗೆ ಇಡೂದು. ರವಿವಾರಕ್ಕೊಮ್ಮೆ ಎಣ್ಣಿ ಹಚ್ಚೂದು. ಆ ಎಣ್ಣಿ ವಾಸನಿ ಮನಿ ತುಂಬ ಆಗಿ ರೊಟ್ಟಿಗೂ ಹತ್ತತಿತ್ತು. ನಾನು ಬೈತಿದ್ದೆ. ಅವರು ಎಣ್ಣಿ ಹಚ್ಚೂದು ಬಿಡತಿರಲಿಲ್ಲ. ಮೊದಲಿಂದ ಮಾತು ಕಡಿಮೆ ಮನುಷ್ಯ.

ಆಮೇಲೆ ಮೊಣಕಾಲು ಹೋದವು. ಬ್ಯಾಂಕಿನವರು ಶಾಲು ಹೊದಿಸಿ, ನಾರಳ ಕೊಟ್ಟು ಕಳಿಸಿದರು. ತೊಂಬತ್ತನೇ ಇಸವಿ ನಂತರದ ಮಾತು. ಒಂದು ತಿಂಗಳು ಮುಂಜಾನೆ ಎದ್ದು ಬೂಟು ತಿಕ್ಕಿದರು. ಎರಡನೇ ತಿಂಗಳು ಬೂಟು ಬಿಟ್ಟರು. ಮೂರನೇ ತಿಂಗಳು ದಾಡಿ ಬಿಟ್ಟರು. ಸಿಪಾಯಿ ದಾಡಿ ಬಿಟ್ಟ ಅಂದರೆ ಏನು ಅಂತ ಸಿಪಾಯಿ ಹೆಂಡತಿಗೆ ಯಾರೂ ಹೇಳಬೇಕಾಗಿಲ್ಲ. ಊಟಕ್ಕೆ ಕರೆದರೆ ಬರತಿದ್ದರು, ಕರೀದಿದ್ದರೆ ಇಲ್ಲ. ದಿನಕ್ಕೆ ಎರಡು ಮಾತು ಆಡಿದರೆ ಭಾಳ. ನಾನು ಚಹಾದ ಪಾತೇಲಿ ಜೋಡಿ ಮಾತಾಡೂದನ್ನ ಕಲಿತೆ.

ಒಂದು ರವಿವಾರ ಮಧ್ಯಾಹ್ನ ಭಾಜಿ ತಗೊಂಡು ಬಂದೆ. ಇವರು ಕಾಟಿನ ಮೇಲೆ ಬಂದೂಕು ತೊಡಿ ಮೇಲೆ ಇಟ್ಟುಕೊಂಡು ಕೂತಿದ್ದರು. ಎಣ್ಣಿ ಹಚ್ಚಾಕತ್ತಾರೆ ಅಂದುಕೊಂಡೆ. ಚೀಲ ಕೆಳಗಿಟ್ಟ ಮೇಲೆ ತಿಳೀತು, ವಾಸನಿ ಇಲ್ಲ. ಎಣ್ಣಿ ಶೀಶೆ ಗ್ವಾಡಿಯ ಮಾಡದಲ್ಲಿ ಹಂಗೇ ಅದ. ಒರಸೂ ಅರಿವಿ ಒಣಗಿ ಹಗ್ಗದ ಮೇಲೆ ಅದ. ಕಾಡತೂಸಿನ ಡಬ್ಬಿ ಮಾತ್ರ ಬಗಲಲ್ಲಿ ಇತ್ತು.

"ಏನ್ ಮಾಡಾಕತ್ತೀರಿ?" ಅಂದೆ.

"ಏನಿಲ್ಲ. ನನಗಿನ್ನ ಏನ್ ಕೆಲಸ ಅದ?" ಅಂದರು.

ನಾನು ಅಳಲಿಲ್ಲ, ಒದರಲಿಲ್ಲ. "ಬೆಂಡೀಕಾಯಿ ಕೊಯ್ದು ಕೊಡ್ರಿ" ಅಂದೆ. ಬಂದೂಕು ಕೆಳಗಿಟ್ಟು ಬೆಂಡೀಕಾಯಿ ಕೊಯ್ದರು. ಅವರು ಕೊಯ್ಯೂದರೊಳಗೆ ನಾನು ಡಬ್ಬಿ ತಗೊಂಡು ಹೋಗಿ ಜ್ವಾಳದ ಹಿಟ್ಟಿನೊಳಗೆ ಹುಗಿದೆ. ಅವರು ಕೇಳಲಿಲ್ಲ. ಕೇಳದೆ ಇದ್ದದ್ದೇ ನನಗೆ ಹೆಚ್ಚು ಹೆದರಿಕೆ.

ಯಾರಿಗೆ ಹೇಳಲಿ? ಪೊಲೀಸ್ ಚೌಕಿಗೆ ಹೋಗಿ ಹೇಳಿದರೆ ಲೈಸನ್ಸ್ ಕಸಗೋತಾರೆ, ಇಪ್ಪತ್ತು ಮಂದಿ ಮುಂದೆ ಹುಚ್ಚ ಅಂತಾರೆ. ಬಂದೂಕೂ ಹೋಯಿತು ಅಂದರೆ ಇವರ ಹತ್ತಿರ ಉಳಿಯೂದೇನು? ಬಗಲ ಮನಿಯವರಿಗೆ ಹೇಳಿದರೆ ಸಂಜೆಯೊಳಗೆ ಓಣಿಗೆಲ್ಲ ಗೊತ್ತು. ತಂಗಿಗೆ ಹೇಳೂಣು ಅಂದರೆ ಆಕಿ ಮನಿಯಲ್ಲಿ ಮಗಳ ಮದುವಿ ಗದ್ದಲ. ಹಿಂಗೆ ಒಬ್ಬಳೇ ಲೆಕ್ಕ ಹಾಕಿ, ಒಂದು ಕಬ್ಬಿಣದ ಕಪಾಟು ಮಾಡಿಸಬೇಕು, ಅದರ ಕೀಲಿ ನನ್ನ ಸೊಂಟದಲ್ಲಿರಬೇಕು ಅಂತ ಠರಾಯಿಸಿದೆ.

"ಕಳ್ಳರ ಕಾಟ ಭಾಳ ಆಗೇದ್ರಿ. ಜೇಲ ಬ್ಯಾರೆ ಬಗಲಾಗ ಅದ. ಬಂದೂಕಿಗೆ ಒಂದು ಕಪಾಟ ಮಾಡಸೂಣು" ಅಂದೆ.

"ಜೇಲಿನ್ಯಾಗಿದ್ದವ್ರು ಒಳಗ ಅದಾರ. ಹೊರಗ ಬಂದ ಕೂಡ್ಲೆ ನಿನ್ನ ಮನಿಗೇ ಬರತಾರೇನ?" ಅಂದು ಗ್ವಾಡಿ ಕಡೆ ಮಾರಿ ಮಾಡಿದರು. ಬ್ಯಾಡ ಅನ್ನಲಿಲ್ಲ. ನನಗೆ ಅಷ್ಟು ಸಾಕಾಯಿತು.

ಅವರು ಸಂಡಾಸಿಗೆ ಹೋದಾಗ ಲಂಗದ ಹೊಸ ಲಾಡಿ ತಗೊಂಡು ಬಂದೂಕು ಅಳೆದೆ. ನಳಿಗಿ ತುದಿಯಿಂದ ಹಿಡಿಕಿ ತನಕ ಹಿಡಿದು, ಮೇಲೆ ನಾಕು ಬಟ್ಟು ಹೆಚ್ಚು ಬಿಟ್ಟು ಗಂಟು ಹಾಕಿದೆ. ಮೊದಲು ಪ್ಯಾಟಿಯಲ್ಲಿ ಸಿದ್ಧ ಕಪಾಟು ನೋಡಿದೆ. ಗಡಿಗಿ ತಗೊಳ್ಳೂವಾಗ ಬೆರಳಿಂದ ಬಡಿದು ನೋಡತೇವಲ್ಲ, ಹಂಗೇ ಬಡಿದು ನೋಡಿದೆ. ಎಲ್ಲಾ ಎಣ್ಣಿ ಡಬ್ಬಿ ಸಪ್ಪಳ. ಒಂದರ ಬಿಜಾಗರಿ ಹೊರಗೇ ಇತ್ತು. ಕೀಲಿ ಯಾಕೆ ಬೇಕು ಅದಕ್ಕೆ, ಮೊಳಿ ಕಿತ್ತರೆ ಬಾಗಿಲೇ ಕೈಗೆ ಬರ್ತದೆ.

ಕಡಿಗೆ ಕಾತ್ರಜ ರಸ್ತೆಯಲ್ಲಿ ಕಬ್ಬಿಣದ ತಗಡು ಬಡಿಯೂ ಒಬ್ಬ ಪತ್ರಾ ಕೆಲಸದವನ ಹತ್ತಿರ ಹೋದೆ. ದೂರ ಆಯಿತು, ಖರೆ. ನಮ್ಮ ಓಣಿಯವರ ಕಣ್ಣಿಗೆ ಬೀಳಬಾರದು ಅಂತಲೇ ದೂರ ಹೋದದ್ದು. ಲಾಡಿ ಅವನ ಮುಂದೆ ಹಿಡಿದು, ಅಗಲ, ಪತ್ರಾದ ದಪ್ಪ ಕೈಯಿಂದ ತೋರಿಸಿದೆ.

"ಮಾವಶಿ, ಇಷ್ಟು ಎತ್ತರ, ಇಷ್ಟು ಸಪೂರ, ಇಷ್ಟು ದಪ್ಪ ಪತ್ರಾ. ಒಳಗೆ ಏನಿಡೂದು?" ಅಂತ ಮರಾಠಿಯಲ್ಲಿ ಕೇಳಿದ.

ಬಂದೂಕು ಅನ್ನಾಕೆ ಬಾಯಿ ಬರಲಿಲ್ಲ. "ಕಸಬರಿಗಿ" ಅಂದೆ.

ಅವನು ವೆಲ್ಡಿಂಗಿನ ಕಪ್ಪು ಕನ್ನಡಕ ಮೇಲೇರಿಸಿ ನನ್ನನ್ನ ನೋಡಿದ. "ಬಂಗಾರದ ಕಸಬರಿಗಿ ಏನು?"

"ನಿನಗ್ಯಾಕೆ? ಬಿಜಾಗರಿ ಒಳಗೆ ಬರಬೇಕು, ಕೀಲಿ ಗಟ್ಟಿ ಇರಬೇಕು. ಎಂಟು ದಿನದೊಳಗೆ ಕೊಡ್ತೀಯೋ ಇಲ್ಲೋ?"

"ಕೊಡ್ತೇನೆ ಮಾವಶಿ. ಕಸಬರಿಗಿಗೆ ನನ್ನ ನಮಸ್ಕಾರ ಹೇಳು" ಅಂದ.

ಬರೂವಾಗ ನಮ್ಮ ಕಡೆ ಹೋಗೂ ಬಸ್ಸು ನಿಂತಿತ್ತು. ಕಂಡಕ್ಟರ ಬೆಳಗಾವಿ, ಧಾರವಾಡ ಅಂತ ಒದರತಿದ್ದ. ತಂಗಿಯ ಮಗಳ ಮದುವಿ ಆ ವಾರವೇ ಇತ್ತು. ಹತ್ತಿದ್ದರೆ ಅರಿಶಿಣದ ಹೊತ್ತಿಗೆ ಮುಟ್ಟತಿದ್ದೆ. ಬಸ್ಸು ಹೋಗೂತನಕ ನಿಂತು ನೋಡಿ, ಯೆರವಡಾಕ್ಕೆ ತಿರುಗಿ ಬಂದೆ. ಇವರನ್ನ ಮದುವಿಗೆ ಕರೆದರೆ ಬರೂದಿಲ್ಲ, ಬಿಟ್ಟು ಹೋಗೂ ಹಂಗಿಲ್ಲ. ಯಾಕೆ ಬರಲಿಲ್ಲ ಅಂತ ತಂಗಿಗೆ ಹೇಳಾಕೂ ಆಗಲಿಲ್ಲ. ಆಕಿ ಎರಡು ವರ್ಷ ಮಾತು ಬಿಟ್ಟಳು. ಆಕಿದೇನು ತಪ್ಪಿಲ್ಲ.

ಆ ಎಂಟು ದಿನ ನಾನು ಹೊರಗೆ ಹೆಜ್ಜಿ ಇಡಲಿಲ್ಲ. ಹಿಟ್ಟಿನ ಡಬ್ಬಿಯನ್ನೂ ಮುಟ್ಟಲಿಲ್ಲ, ಎಂಟು ದಿನ ಬರೀ ಅನ್ನ. ಇವರು ಅದನ್ನೂ ಕೇಳಲಿಲ್ಲ.

ಕಪಾಟು ಕೈಗಾಡಿಯಲ್ಲಿ ಬಂತು. ಪತ್ರಾದವನೂ ಅವನ ತಮ್ಮನೂ ಎತ್ತಿಕೊಂಡು ಒಳಕೋಣಿಗೆ ತಂದು ನಿಲ್ಲಿಸಾಕೆ ಹೋದರೆ ಗ್ವಾಡಿಗೆ ಹೊಡೆದ ಸಾಮಾನಿನ ಹಲಗಿಗೆ ಬಡೀತು. ನಾಕು ಬಟ್ಟು ಹೆಚ್ಚು. ನಾನು ಬಿಟ್ಟ ಆ ನಾಕು ಬಟ್ಟೇ.

ಇವರು ಕಾಟಿನ ಮೇಲೆ ಮಲಗಿದ್ದವರು ಎದ್ದು ಕೂತರು. "ಎಷ್ಟ ಅಳತಿ ಕೊಟ್ಟಿದ್ದಿ?"

"ಇದ್ದಷ್ಟು ಹಿಡದು ನಾಕು ಬಟ್ಟ ಹೆಚ್ಚ ಬಿಟ್ಟೆ. ಯಾವಾಗಲೂ ಬಿಡತೇವಲ್ರಿ."

"ಅದು ಕೂಸಿನ ಅಂಗಿ ಹೊಲಸೂವಾಗ. ಬಂದೂಕ ಬೆಳೀತದೇನ?"

ಪತ್ರಾದವನು ಕನ್ನಡ ತಿಳೀದೆ ಇಬ್ಬರ ಮಾರಿ ನೋಡಿದ. ನನಗೆ ನಗು ಬಂತು. ತಿಂಗಳುಗಟ್ಟಲೆ ಆಗಿತ್ತು ಇವರು ಒಂದು ಚ್ಯಾಷ್ಟಿ ಮಾಡಿ. ಕೂಸಿನ ಅಂಗಿ ಅನ್ನೂ ಮಾತೂ ನಮ್ಮ ಮನಿಯಲ್ಲಿ ಅದೇ ಮೊದಲು.

ಅಷ್ಟಾದ ಮೇಲೆ ಇವರು ಮೊಣಕಾಲು ಹಿಡಿದುಕೊಂಡು ಎದ್ದರು. ಆ ಹಲಗಿ ತುದಿ ಕೊಯ್ಯಿಸಿದರು. ಬಗಲ ಮನಿಗೆ ಕೂಡಿದ ಗ್ವಾಡಿ ಬ್ಯಾಡ, ಅದು ಅರ್ಧ ಇಟ್ಟಂಗಿಯದು, ಬೋಲ್ಟು ಅವರ ದೇವರ ಮೇಲೆ ಹೋಗಿ ಬೀಳ್ತದೆ ಅಂದರು. ಬಚ್ಚಲ ಕಡೆಯ ಗ್ವಾಡಿ ಬ್ಯಾಡ, ಕಬ್ಬಿಣಕ್ಕೆ ಜಂಗು ಹಿಡೀತದೆ. ಮಂದಿ ಬಂದು ಕೂಡ್ರೂ ಕೋಣಿಯಲ್ಲಂತೂ ಬ್ಯಾಡ. ಬೋಲ್ಟಿನ ತಲಿ ಕಪಾಟಿನ ಒಳಗೇ ಬರಬೇಕು, ಹೊರಗಿಂದ ಯಾರೂ ಬಿಚ್ಚಬಾರದು. ತಳಕ್ಕೆ ಎರಡು ಕಟಗಿ ತುಂಡು ಇಡಿಸಿದರು. ಪಲ್ಟಣದ ದನಿ ಬಂದಿತ್ತು. ಪತ್ರಾದವನು "ಹೋ ಸಾಹೇಬ, ಹೋ ಸಾಹೇಬ" ಅನ್ನತಿದ್ದ. ಬಂದೂಕು ಒಳಗಿಟ್ಟದ್ದು ನೋಡಿ ನನ್ನ ಕಡೆ ತಿರುಗಿ, "ಭಾರಿ ಕಸಬರಿಗಿ ಮಾವಶಿ" ಅಂದ.

ಎಲ್ಲಾ ಆದ ಮೇಲೆ ಕೀಲಿಗೆ ನಾನು ಕೈ ಚಾಚಿದೆ. ಇವರು ಕೊಡಲಿಲ್ಲ.

"ಒಂದ ಕೀಲಿ ನಡ್ಯಾಂಗಿಲ್ಲ. ಇನ್ನೊಂದ ಬ್ಯಾರೆ ಕೀಲಿ ಹಚ್ಚ" ಅಂತ ಅವನಿಗೆ ಮರಾಠಿಯಲ್ಲಿ ಹೇಳಿದರು. ಆಮೇಲೆ ನನಗೆ ಹೇಳಿದರು: "ಪಲ್ಟಣದಾಗ ಬಂದೂಕ ಇಡೂ ಕೋಣಿಗೆ ಕೋತ ಅಂತಾರ. ಕೋತಕ್ಕ ಎರಡ ಕೀಲಿ, ಇಬ್ಬರ ಹತ್ರ. ಎರಡೂ ಒಬ್ಬನ ಕೈಯಾಗ ಇರಬಾರದು. ಅದು ಕಾನೂನ."

ಅವನು ಮರುದಿನ ಬಂದು ಕೆಳಗೆ ಎರಡನೇ ಕೀಲಿ ಹಚ್ಚಿದ. ಮೇಲಿನ ಕೀಲಿ ಇವರದು, ಕೆಳಗಿನದು ನನ್ನದು. ಹಿಟ್ಟಿನೊಳಗಿನ ಡಬ್ಬಿ ತೆಗೆದು, ಝಾಡಿಸಿ, ನಾನೇ ಒಳಗಿಟ್ಟೆ. ಇವರು ನೋಡಿದರು. ಡಬ್ಬಿ ಮೂಲಿಗೆ ಇನ್ನೂ ಹಿಟ್ಟು ಅಂಟಿತ್ತು.

ಅಲ್ಲಿಂದ ಪ್ರತಿ ರವಿವಾರ ಇಬ್ಬರೂ ಎದ್ದು ಹೋಗಿ ಬಾಗಿಲು ತೆಗೆಯೂದು. ಇವರು ಎಣ್ಣಿ ಹಚ್ಚೂದು, ನಾನು ಎದುರಿಗೆ ಕೂತು ಬಳ್ಳೊಳ್ಳಿ ಸುಲಿಯೂದು. ಬಳ್ಳೊಳ್ಳಿ ಮನಿಗೆ ಬೇಕಾದ್ದಕ್ಕಿಂತ ಹೆಚ್ಚೇ ಸುಲೀತಿದ್ದೆ. ಉಳಿದ ಆರು ದಿನ ಕೀಲಿ ಸೊಂಟಕ್ಕೆ ಒತ್ತತಿತ್ತು. ಯಾವ ನೆಂಟರ ಮನಿಯಲ್ಲೂ ವಸ್ತಿ ಉಳೀಲಿಲ್ಲ. ಎಲೆಕ್ಷನ್ ಬಂದಾಗ ಮಾತ್ರ ಬಂದೂಕು ಚೌಕಿಯಲ್ಲಿ ಜಮಾ ಮಾಡಬೇಕಿತ್ತು. ಆಗಿನ ಕಾಲದಲ್ಲಿ ಎಲೆಕ್ಷನ್ ಪದೇ ಪದೇ ಬರತಿದ್ದವು. ಓಣಿ ತುಂಬ ಭೋಂಗಾದ ಒದರಾಟ, ನನಗೆ ಮಾತ್ರ ಸುಖನಿದ್ದಿ.

ಎರಡನೇ ವರ್ಷದ ಖಂಡೆನವಮಿ. ನಮ್ಮಲ್ಲಿ ಆಯುಧ ಅಂದರೆ ಈಳಿಗಿಯಿಂದ ಹಿಡಿದು ಎಲ್ಲಕ್ಕೂ ಪೂಜಿ. ಈಳಿಗಿ, ಒನಕಿ, ಕತ್ತರಿ ಸಾಲಾಗಿ ಇಟ್ಟು, ನಡುವೆ ಬಂದೂಕು ಇಟ್ಟೆ. ಕುಂಕುಮ ಹಚ್ಚಿ, ಚಂಡಹೂ ಏರಿಸಿ, ಕಾಯಿ ಒಡೆದೆವು. ಎತ್ತಿಡೂ ಹೊತ್ತಿಗೆ ಇವರು ಬಂದೂಕು ತೊಡಿ ಮೇಲೆ ತಗೊಂಡು ಕೂತರು. ಕಾಡತೂಸಿನ ಡಬ್ಬಿಗೂ ಹೂವು ಏರಿಸಿದ್ದೆ. ಅದು ಅವರ ಕೈಗೆ ಎಟಕೂ ಹಂಗಿತ್ತು. ನನ್ನದೇ ತಪ್ಪು.

"ನೀರ ತಗೊಂಬಾ" ಅಂದರು.

ನಾನು ಏಳಲಿಲ್ಲ.

"ನೀರ ತಗೊಂಬಾ ಅಂದ್ನೆಲ್ಲ."

"ಆಮ್ಯಾಲ ಕುಡೀರಿ."

ಊದಿನಕಡ್ಡಿ ಉರಿದು ಬೂದಿ ಬಿತ್ತು.

"ನಿನಗ ಗೊತ್ತದ" ಅಂದರು.

"ಗೊತ್ತದ."

"ಎಂದಿನಿಂದ?"

"ಎಣ್ಣಿ ವಾಸನಿ ಇರದ ರವಿವಾರದಿಂದ."

ಅವರು ನಳಿಗಿ ಮೇಲಿನ ಕುಂಕುಮ ಬೆರಳಿಂದ ಒರಸಿದರು. "ಒಂದ ಕೀಲಿ ಇದ್ದಿದ್ರ ನೀ ಕಾವಲಗಾರ್ತಿ, ನಾ ಕಳ್ಳ ಆಗತಿದ್ದೆ. ಅದಕ್ಕ ಎರಡ ಹಚ್ಚಿಸಿದೆ" ಅಂದರು. ಎದ್ದು, ಬಂದೂಕು ಒಳಗಿಟ್ಟು, ಮೇಲಿನ ಕೀಲಿ ತಿರುಗಿಸಿದರು. "ನಿನ್ನದು ಹಾಕ" ಅಂದರು. ಹಾಕಿದೆ. ಎರಡು ಸಲ ತೂತು ತಪ್ಪಿತು. ಆಮೇಲೆ ಹೋಗಿ ನೀರು ತಂದುಕೊಟ್ಟೆ. ಪೂರಾ ತಂಬಿಗಿ ಕುಡಿದರು.

ಮುಂದಿನ ಎಲೆಕ್ಷನ್ನಿಗೆ ಚೌಕಿಗೆ ಹೋದ ಬಂದೂಕು ತಿರುಗಿ ಬರಲಿಲ್ಲ. ಎಲ್ಲರೂ ತಮ್ಮ ತಮ್ಮದು ತಂದರು, ಇವರು ಹೋಗಲಿಲ್ಲ. "ತರೂದಿಲ್ಲೇನ್ರಿ?" ಅಂದೆ. "ಜಗಾ ಯಾಕ ಅಡಚಣಿ" ಅಂದರು. ಕಡಿಗೆ ಒಂದು ದಿನ ಚೌಕಿಯಿಂದ ನೆಟ್ಟಗೆ ಒಯ್ದು ಕ್ಯಾಂಪ್ ಪ್ಯಾಟಿಯ ಬಂದೂಕಿನ ಅಂಗಡಿಯವನಿಗೆ ಮಾರಿ, ಲೈಸನ್ಸ್ ಪುಸ್ತಕ ಒಪ್ಪಿಸಿ ಬಂದರು. ಬರೂವಾಗ ದಾಡಿ ಮಾಡಿಸಿಕೊಂಡು ಬಂದಿದ್ದರು. ಆದರೂ ಮಾತೇನು ಹೆಚ್ಚಾಗಲಿಲ್ಲ. ರವಿವಾರ ತೆಗೆಯಾಕೆ ಏನೂ ಇರಲಿಲ್ಲ, ಎದುರುಬದುರು ಕೂಡ್ರಾಕೆ ನೆವವೂ ಇರಲಿಲ್ಲ. ಅವರು ಹೊರಗಿನ ಕಟ್ಟಿ ಮೇಲೆ, ನಾನು ಒಲಿ ಮುಂದೆ.

ಇನ್ನೂ ಎಂಟು ವರ್ಷ ಇದ್ದರು. ಒಂದು ಮಳಿಗಾಲದಲ್ಲಿ ಕಫ ಕಟ್ಟಿತು, ದವಾಖಾನೆಗೆ ಹಾಕಿದೆವು, ಆರನೇ ದಿನ ಹೋದರು. ಎಲ್ಲರಿಗೂ ಬರೂವಂಥ ಸಾದಾ ಸಾವು. ತಂಗಿ ಬಂದು ಅಪ್ಪಿಕೊಂಡು ಅತ್ತಳು, "ನೀ ಯಾಕ ಅಳವಲ್ಲಿ ಅಕ್ಕಾ?" ಅಂದಳು. ನಾನು ಬೇಡಿಕೊಂಡಿದ್ದು ಆ ಸಾವೇ, ಸಿಕ್ಕಿತ್ತು. ಅದನ್ನ ಆಕಿಗೆ ಹೆಂಗೆ ಹೇಳಲಿ?

ಕಪಾಟು ಒಯ್ಯಾಕೆ ಹಳೇ ಕಬ್ಬಿಣ ತಗೊಳ್ಳೂ ಮೋಡಕಿನವನು ಬಂದ. ಬೋಲ್ಟು ಜಂಗು ಹಿಡಿದು ಬಿಚ್ಚಾಕೆ ಬರಲಿಲ್ಲ, ಹೋದ. ಇಲಿ ಕಾಟ ಭಾಳ ಇತ್ತು, ಹಿಟ್ಟು ಅದರೊಳಗಿಟ್ಟೆ. ಮೇಲಿನ ಕೀಲಿ ಅವರ ಕೋಟಿನ ಕಿಸೆಯಲ್ಲಿ ಸಿಕ್ಕಿತ್ತು. ಒಂದು ತಿಂಗಳು ಎರಡನ್ನೂ ನಾನೇ ಇಟ್ಟುಕೊಂಡೆ. ಸರಿ ಅನಿಸಲಿಲ್ಲ. ಬಗಲ ಮನಿಯಲ್ಲಿ ಜಂಪರು ಹೊಲಿಯೂ ಮರಾಠಿ ಹೆಣ್ಣುಮಗಳು ಒಬ್ಬಳು ಇದ್ದಾಳೆ, ಆಕಿಗೆ ಒಂದು ಕೊಟ್ಟೆ.

"ಆಜಿ, ಹಿಟ್ಟಿಗೆ ಎರಡು ಕೀಲಿ ಯಾಕೆ? ಎರಡೂ ನೀವೇ ಇಟ್ಟುಕೊಳ್ರಿ" ಅಂದಳು.

"ಒಬ್ಬರ ಕೈಯಲ್ಲಿ ಇರಬಾರದು. ಕಾನೂನು" ಅಂದೆ.

ಈಗ ರೊಟ್ಟಿ ಬಡೀಬೇಕು ಅಂದರೆ ಆಕಿಯನ್ನ ಕರೀಬೇಕು. ಮಷೀನು ನಿಲ್ಲಿಸಿ, ಬೈಕೋತ ಬರ್ತಾಳೆ. ಮೇಲಿನ ಕೀಲಿ ಆಕಿ ತಿರುಗಿಸ್ತಾಳೆ, ಕೆಳಗಿನದು ನಾನು. ಬಂದಾಕಿ ಒಂದು ಕಪ್ಪು ಚಹಾ ಕುಡಿದು ಹೋಗ್ತಾಳೆ. ಆಕಿ ತವರಿಗೆ ಹೋದ ವಾರ ನಾನು ಅನ್ನ ಉಣ್ತೇನೆ.