ಸವಳು ಹತ್ತಿದ ಹೊಲ

ನಮ್ಮ ಮಂದಿ ಸತ್ತವರನ್ನು ಸುಡುವುದಿಲ್ಲ. ಅವರವರ ಹೊಲದಲ್ಲೇ ಕುಣಿ ತೋಡಿ, ಕೂತ ಭಂಗಿಯಲ್ಲೇ ಕೂಡಿಸಿ, ಮಣ್ಣು ಕೊಡುತ್ತೇವೆ. ರನ್ನ ಬೆಳಗಲಿ ಹತ್ತಿರದ ನಮ್ಮ ಕರಿಮಣ್ಣಿನ ಎರೆಹೊಲದ ಬದುವಿನಲ್ಲಿ ಅಜ್ಜನ ಅಜ್ಜನಿಂದ ಹಿಡಿದು ಎಲ್ಲರೂ ಹಾಗೇ ಕೂತಿದ್ದಾರೆ. ಅಜ್ಜ ಬುತ್ತಿ ಉಂಡು ಕೈ ತೊಳೆದವನೇ ತನ್ನ ಅಪ್ಪನ ಮಗ್ಗುಲಿನ ಜಾಗ ತೋರಿಸುತ್ತಿದ್ದ. “ಇದು ನಂದು. ಇಲ್ಲಿ ಯಾರೂ ಗಳೆ ಹೊಡದು ಉಳಬ್ಯಾಡ್ರಿ ಮತ್ತ!”

ಮುಂದೆ ಕಾಲುವೆ ಬಂತು. ಅಪ್ಪ ಬಿಳಿಜೋಳ ಬಿಟ್ಟು ಕಬ್ಬು ಹಚ್ಚಿದ. ನೀರಿನ ಪಾಳಿ ಬಂದರೆ ಸಾಕು, ಹೊಲ ಕೆರೆಯಾಗುವವರೆಗೂ ಬಿಡುತ್ತಿದ್ದ.

“ಎರಿ ಭೂಮಿ ಐತಿ ಲೇ, ಅದಕ್ಕ ಇಷ್ಟು ನೀರು ಕುಡಿಸಬ್ಯಾಡ, ಕೊಳೀತೈತಿ” ಎಂದು ಅಜ್ಜ ಗಂಟಲು ಹರಿದುಕೊಂಡ.

“ನೀ ಸುಮ್ ಕುಂದ್ರು ಯಪ್ಪಾ. ಊರಾಗ ಎಲ್ಲಾರೂ ಬಿಡಾಕತ್ತಾರ.”

ಮೊದಮೊದಲು ಕಬ್ಬು ಆಳೆತ್ತರ ಬೆಳೆದದ್ದು ಖರೆ. ಆಮೇಲೆ ತಗ್ಗಿನ ಕಡೆಯಿಂದ ನೆಲ ಉಪ್ಪೊಡೆದು ಬೆಳ್ಳಗಾಗುತ್ತ ಬಂತು. ಸವಳು. ಕಬ್ಬು ಹಳದಿಯಾಗಿ ಮೊಣಕಾಲಿಗೇ ನಿಂತಿತು. ನೀರು ಸಾಲುತ್ತಿಲ್ಲವೆಂದು ಅಪ್ಪ ಇನ್ನಷ್ಟು ನೀರು ಬಿಟ್ಟ! ಇದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಎಷ್ಟು ತಲೆಮಾರು ಕಲ್ಲು ಆರಿಸಿ, ಒಡ್ಡು ಹಾಕಿ ಕಾಯ್ದ ಹೊಲ ಅದು! ಕೊನೆಗೆ ಹುಲ್ಲು ಕಸವೂ ಹುಟ್ಟದಾಯಿತು. ಅಜ್ಜ ಹಾಸಿಗೆ ಹಿಡಿದ. ನೋಡಲು ಬಂದವರೆಲ್ಲರಿಗೂ ಅವನದು ಒಂದೇ ಮಾತು: “ನನ್ನ ನಮ್ಮಪ್ಪನ ಬಾಜೂಕನ ಕುಂದ್ರಸ್ರಿ.”

ಅಜ್ಜ ತೀರಿಕೊಂಡ ದಿನ ಅವನನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿ, ವಿಭೂತಿ ಹಚ್ಚಿ, ಭಜನೆ ನಡೆಸಿದ್ದರು. ಹೊಲದಲ್ಲಿ ಕುಣಿ ತೋಡುತ್ತಿದ್ದರು. ಸೊಂಟದಾಳಕ್ಕೆ ಹೋಗುವುದರೊಳಗೆ ಕೆಳಗಿನಿಂದ ನೀರು ಜಿನುಗಿತು. ಬಕೆಟ್ಟಿನಿಂದ ತೋಡಿ ಚೆಲ್ಲಿದರು. ಮತ್ತೆ ತುಂಬಿತು. ಅಪ್ಪ ತಾನೇ ಕುಣಿಗೆ ಇಳಿದ.

“ಇನ್ನೊಂದೀಟು ತಡೀರಿ, ಬತ್ತತೈತಿ, ಬತ್ತತೈತಿ” ಎನ್ನುತ್ತ, ಅಳುತ್ತ, ರಾಡಿಯಲ್ಲಿ ನಿಂತು ನೀರು ಚೆಲ್ಲಿದ. ಹೊತ್ತು ಇಳಿಯಿತು. ನೀರು ಇಳಿಯಲಿಲ್ಲ.

“ಮ್ಯಾಲ ಬಾರೋ ತಮ್ಮಾ. ನೀರಾಗ ಹೆಂಗ ಕುಂದ್ರಸೂದು?” ಎಂದು ಹಿರಿಯರು ಅವನನ್ನು ರಟ್ಟೆ ಹಿಡಿದು ಎಳೆದರು.

ಕಾಲುವೆ ನೀರು ಏರದ ದಿನ್ನೆಯ ಹೊಲದವರೊಬ್ಬರು ಜಾಗ ಕೊಟ್ಟರು. ಒಣ ಮಣ್ಣಿನಲ್ಲಿ, ಪರರ ಹಿರಿಯರ ಸಾಲಿನ ತುದಿಗೆ, ನಮ್ಮಜ್ಜನನ್ನು ಕೂಡಿಸಿದರು. ಎಲ್ಲರೂ ಹಿಡಿ ಮಣ್ಣು ಹಾಕಿ ಮನೆ ಕಡೆ ಹೊರಟರೂ ಅಪ್ಪ ಅಲ್ಲೇ ನಿಂತಿದ್ದ. ಆ ಹೊಲದವರ ಎದುರು ಕೈ ಜೋಡಿಸಿ ಕೇಳಿದ: “ನಾ ಸತ್ತರ ನನಗೂ ಇಲ್ಲೊಂದೀಟು ಜಾಗ ಕೊಡ್ತೀರೇನ್ರಿ?”