ನರ್ಸಮ್ಮನೂ ಆಷಾಢದ ಹಿಕ್ಕಿಯೂ

ನರ್ಸಮ್ಮ ಕೈಗಡಿಯಾರವನ್ನು ಮುಖ ಒಳಗೆ ಮಾಡಿ ಕಟ್ಟುತ್ತಿದ್ದರು. ನಾಡಿ ಹಿಡಿದಾಗ ಅವರ ಕಣ್ಣು ತಮ್ಮ ಮಣಿಕಟ್ಟಿನ ಮೇಲೆಯೇ ನೆಟ್ಟಿರುತ್ತಿತ್ತು; ತುಟಿ ಮಾತ್ರ ಸದ್ದಿಲ್ಲದೆ ಅಲುಗುತ್ತಿತ್ತು. ಅದು ನಿಲ್ಲುವವರೆಗೆ ನಾನು ಸತ್ತೇಹೋದೆನೆಂದು ನಂಬಿರುತ್ತಿದ್ದೆ. ಹೆದರುವುದರಲ್ಲಿ ನನ್ನನ್ನು ಮೀರಿಸುವವರು ಬ್ಯಾಟರಾಯನಪುರದಲ್ಲಿ ಆಗಲೂ ಇರಲಿಲ್ಲ, ತಲೆ ನರೆಯತೊಡಗಿದ ಈಗಲೂ ಇಲ್ಲ.

ಎರಡನೇ ಮಹಾಯುದ್ಧದ ಕಾಲದಲ್ಲಿ ಮಿಲಿಟರಿ ಆಸ್ಪತ್ರೆಯಲ್ಲಿ ದುಡಿದು, ಆಮೇಲೆ ನಮ್ಮ ಕಡೆಯ ಹಳ್ಳಿಗಳ ಹೆರಿಗೆಗೆಂದು ಬಂದು ನಿಂತವರು ಅವರು. ಬಾಣಂತಿಯ ಕೋಣೆಗೆ ಬಂದೊಡನೆ ಮುಚ್ಚಿದ ಕಿಟಕಿ ತೆಗೆಸುವರು. ಅವರು ಹೋದೊಡನೆ ಅಜ್ಜಿಯಂದಿರು ಮುಚ್ಚಿಸುವರು. ಎರಡೂ ಕಡೆಯವರಿಗೆ ಇದು ಗೊತ್ತಿತ್ತು, ಜಗಳವಿರಲಿಲ್ಲ. “ಗಾಳಿಗ್ಯಾಕ್ರಮ್ಮ ಹೆದರ್ತೀರಾ, ಅದೂ ನಿಮ್ಮೂರಿಂದೇ” ಎನ್ನುತ್ತಿದ್ದರು.

ಅರವತ್ತರ ದಶಕದ ಮೊದಲ ವರ್ಷಗಳು. ಇಪ್ಪತ್ತೊಂದು ತುಂಬಿದ ಮೇಲೆ, ಊರಿನ ಲೆಕ್ಕದಲ್ಲಿ ತಡವಾಗಿಯೇ, ನನಗೆ ಮದುವೆಯಾಗಿತ್ತು. ಆಷಾಢ ಬಂತು, ಹೊಸ ಸೊಸೆಯಾದ ನನ್ನನ್ನು ಯಶವಂತಪುರದ ಗಂಡನ ಮನೆಯಿಂದ ತವರಿಗೆ ಕರೆತಂದರು. ಆ ತಿಂಗಳು ಗಂಡ ಹೆಂಡತಿ ಮುಖ ನೋಡುವಂತಿಲ್ಲ. ಆಷಾಢದಲ್ಲಿ ನಿಂತ ಬಸಿರು ತಾಯಿಗೂ ಮಗುವಿಗೂ ಕೇಡು ಎಂದು ಅಜ್ಜಿ ನಂಬಿದ್ದರು. ನಾನೂ ನಂಬಿದ್ದೆ. ನಂಬಿಯೂ, ದೊಡ್ಡಮ್ಮನಿಗೆ ಉಪ್ಪಿನಕಾಯಿ ಕೊಡಲು ಹತ್ತಿರದ ಹಳ್ಳಿ ಸಿಂಗಾಪುರಕ್ಕೆ ಹೋದ ಮಧ್ಯಾಹ್ನ, ಅವರ ದ್ರಾಕ್ಷಿ ತೋಟದ ಪಂಪ್‌ಹೌಸಿನಲ್ಲಿ, ಸೈಕಲ್ಲು ತುಳಿದು ಬಂದಿದ್ದ ನನ್ನ ಗಂಡನನ್ನು ಕಂಡೆ.

ಮಾರನೆಯ ದಿನ ಶುಕ್ರವಾರ. ಎಣ್ಣೆನೀರಿಗೆ ಕೂರಿಸಿಕೊಂಡ ಅಜ್ಜಿ ತಲೆಗೆ ಎಣ್ಣೆ ಒತ್ತಿ, ಕತ್ತಿಗೆ ಕೈ ಇಳಿಸಿದವರು ನಿಂತುಬಿಟ್ಟರು.

“ಇದೇನವ್ವಾ ಕಿವಿ ಕೆಳಗೆ? ಕೆಂಪಗೈತೆ, ಸುತ್ತ ನೀಲಿ ತಿರುಗೈತೆ.”

“ಗೊತ್ತಿಲ್ಲಜ್ಜಿ.”

ನಿಜವಾಗಿಯೂ ಗೊತ್ತಿರಲಿಲ್ಲ. ಮುತ್ತಿಗೆ ಗುರುತು ಉಳಿಯುತ್ತದೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

“ಸರ್ಪಸುತ್ತು ಕಣವ್ವಾ. ಕತ್ತಿಗೇ ಸುತ್ಕಂತಾ ಐತೆ” ಎಂದರು ಅಜ್ಜಿ.

ಸರ್ಪಸುತ್ತಿನ ಹುಣ್ಣು ಮೈಯನ್ನು ಬಳಸಿ, ತಲೆಯೂ ಬಾಲವೂ ಕೂಡಿದರೆ ಜೀವ ಉಳಿಯದು ಎನ್ನುವುದು ನಮ್ಮಲ್ಲಿ ಎಲ್ಲರೂ ಹೇಳುವ ಮಾತು. ಸೊಂಟ ಬಳಸಲಾದರೆ ಹಾವಿಗೆ ಹೊತ್ತು ಹಿಡಿದೀತು. ನನ್ನ ಕತ್ತಾದರೂ ಎಷ್ಟಿದೆ? ಅಜ್ಜಿ ಕೆಮ್ಮಣ್ಣು ಕಲಸಿ ಕಲೆಯ ಸುತ್ತ ಬೇಲಿಯಂತೆ ಬಳಿದರು. ಆಷಾಢ ಮುರಿದದ್ದಕ್ಕೆ ಶಿಕ್ಷೆಯೆಂದು ನನಗೆ ಖಾತ್ರಿಯಾಯಿತು. ಅದಕ್ಕಿಂತ ದೊಡ್ಡ ಭಯ ಸಂಜೆ ಬಂತು. ನಾಳೆ ಅಪ್ಪ ಯಶವಂತಪುರಕ್ಕೆ ಹೋಗಿ ಬೀಗರಿಗೆ ತಿಳಿಸುವುದೆಂದಾಯಿತು. ಸರ್ಪದೋಷದ ಸೊಸೆಯನ್ನು ಅವರು ಮರಳಿ ಕರೆಸಿಕೊಳ್ಳುತ್ತಾರೆಯೇ? ಅಥವಾ ಗಾಬರಿಯಾದ ನನ್ನ ಗಂಡ ಪಂಪ್‌ಹೌಸಿನದನ್ನೆಲ್ಲ ಅಪ್ಪನ ಮುಂದೆಯೇ ಒದರಿಬಿಟ್ಟರೆ?

ನೀರು ತರುವ ನೆಪದಲ್ಲಿ ಕೊಡ ಹಿಡಿದು ನರ್ಸಮ್ಮನ ಮನೆಗೆ ಓಡಿದೆ. ಅವರು ಕೆಮ್ಮಣ್ಣು ಒರೆಸಿ ನೋಡಿದರು.

“ಯಜಮಾನ್ರು ಯಾವಾಗ ಬಂದಿದ್ರು?”

“ಬಂದಿಲ್ಲ.”

“ಹಂಗಾದ್ರೆ ಸರ್ಪವೇ ಇರ್ಬೇಕು. ಮೀಸೆ ಇತ್ತಾ ಅದಕ್ಕೆ?”

ನಾನು ಅತ್ತುಬಿಟ್ಟೆ. ಅವರು ಕೊಡವನ್ನು ನನ್ನ ಕೈಯಿಂದ ತೆಗೆದು ಕೆಳಗಿಟ್ಟರು.

“ಇದಕ್ಕೆ ಇಂಗ್ಲಿಷಲ್ಲಿ ಹಿಕ್ಕಿ ಅಂತಾರೆ ಕಣೇ. ಬಾಯಿಟ್ಟು ಎಳೆದಾಗ ಚರ್ಮದೊಳಗೆ ಸಣ್ಣ ರಕ್ತನಾಳ ಒಡೆದು ಹೆಪ್ಪುಗಟ್ಟುತ್ತೆ, ಅಷ್ಟೇ. ಅಮೆರಿಕದ ಸಿಪಾಯಿಗಳು ಒಬ್ಬರನ್ನೊಬ್ಬರು ಚುಡಾಯಿಸೋಕೆ ಹೇಳ್ತಿದ್ದ ಮಾತು. ದೊಡ್ಡೋರ ಮುಂದೆ ಆಡಲ್ಲ, ಡಾಕ್ಟರು ಚೀಟಿಯಲ್ಲಿ ಬರಿಯಲ್ಲ.”

ನನ್ನ ಕಣ್ಣ ಮುಂದೆ ಬಂದದ್ದು ಆಡಿನ ಹಿಕ್ಕೆ. ಅಮೆರಿಕದವರ ಪ್ರೇಮದ ಬಗ್ಗೆ ಅಂದು ಹುಟ್ಟಿದ ಅನುಮಾನ ಇನ್ನೂ ಪೂರ್ತಿ ಹೋಗಿಲ್ಲ.

“ಹಂಗಾದ್ರೆ ನಾನು ಸಾಯಲ್ವಾ?”

“ಸಾಯ್ತೀಯ. ಇದಕ್ಕಲ್ಲ.”

ನನ್ನ ಹಿಂದೆಯೇ ಮನೆಗೆ ಬಂದರು. ಅಜ್ಜಿಯ ಮುಂದೆ ನನ್ನ ಗಲ್ಲ ಹಿಡಿದು ಕತ್ತು ತಿರುಗಿಸಿ, ಆಸ್ಪತ್ರೆಯ ದನಿಯಲ್ಲಿ ಹೇಳಿದರು: “ಸರ್ಪಸುತ್ತಾದ್ರೆ ನೀರ್ಗುಳ್ಳೆ ಏಳ್ಬೇಕು, ಉರೀಬೇಕು. ಇದು ಹಿಕ್ಕಿ ಅಂತ. ಹೊಸದಾಗಿ ಮದುವೆಯಾದೋರಲ್ಲಿ ಕಾಣುತ್ತೆ, ಹರಡಲ್ಲ. ಬೀಗರಿಗೆ ಹೇಳಿ ಕಳಿಸೋ ಅಂಥದ್ದಲ್ಲ ಕಣಜ್ಜಿ.”

ಒಂದೂ ಸುಳ್ಳಿರಲಿಲ್ಲ.

“ನಿನ್ ಮಾತ್ ನಂಬ್ಕಂಡು ಸುಮ್ಕಿದ್ದು, ಈ ಮಗೀಗೆ ಏನಾರಾ ಆದ್ರೆ?” ಎಂದರು ಅಜ್ಜಿ.

“ಆದ್ರೆ ಈ ಊರಲ್ಲಿ ಇನ್ಯಾವ ಹೆರಿಗೆಗೂ ನನ್ನ ಕರೀಬೇಡಿ.”

ಹೆರಿಗೆಯೇ ಅವರ ಬದುಕು. ಆಷಾಢ ಮುರಿದವಳನ್ನು ಕಾಪಾಡಿದರೆಂದು ಗೊತ್ತಾಗಿದ್ದರೆ ಸುತ್ತಮುತ್ತ ಒಂದು ಬಾಗಿಲೂ ಅವರಿಗೆ ತೆರೆಯುತ್ತಿರಲಿಲ್ಲ. ಅದನ್ನು ತಿಳಿದೇ ಆಡಿದ ಮಾತದು. ಅಜ್ಜಿ ಕೆಮ್ಮಣ್ಣಿನ ಬಟ್ಟಲನ್ನು ಒಳಗಿಟ್ಟರು. ಅಪ್ಪ ಯಶವಂತಪುರಕ್ಕೆ ಹೋಗಲಿಲ್ಲ.

ನನ್ನ ಭಯ ಮುಗಿಯಲಿಲ್ಲ. “ನಮ್ ಉಡುಗೀಗೆ ಇಕ್ಕಿ ಆಗೈತೆ” ಎಂದು ಅಜ್ಜಿ ಬಾವಿಕಟ್ಟೆಯಲ್ಲಿ ಬಂದವರಿಗೆಲ್ಲ ಹೇಳತೊಡಗಿದರು. ಇಂಗ್ಲಿಷು ಬಲ್ಲವನೊಬ್ಬ ಹಾದುಹೋದರೆ ನರ್ಸಮ್ಮನೂ ನಾನೂ ಒಟ್ಟಿಗೆ ಮುಳುಗುತ್ತಿದ್ದೆವು. ಪ್ಯಾಂಟು ತೊಟ್ಟ ಯಾರನ್ನು ಕಂಡರೂ ಅಜ್ಜಿಯನ್ನು ಒಳಗೆ ಕರೆಯುತ್ತಿದ್ದೆ. ಕಲೆ ಹಸಿರಾಗಿ, ಹಳದಿಯಾಗಿ, ಅಳಿಯಿತು. ಬಸಿರೂ ನಿಲ್ಲಲಿಲ್ಲ. ಶ್ರಾವಣದಲ್ಲಿ ಗಂಡ ಬಂದು, ಅಪ್ಪನ ಮುಂದೆ ತಿಂಗಳಿಂದ ನನ್ನನ್ನು ಕಾಣದವರಂತೆ ನಿಂತು, ಕರೆದೊಯ್ದರು.

ನರ್ಸಮ್ಮ ಕೊನೆಯವರೆಗೂ ಆ ಮಾತೆತ್ತಲಿಲ್ಲ. ನನ್ನನ್ನು ರೇಗಿಸಲೂ ಇಲ್ಲ. ಅವರು ತೀರಿಕೊಂಡ ದಿನ ಅಂಗಳದ ತುಂಬ ಹೆಂಗಸರು ನೆರೆದಿದ್ದರು. ಸೊಸೆಯಂದಿರು, ಅತ್ತೆಯಂದಿರು, ಗುರುತಿಲ್ಲದ ಊರಿನವರು. ಸಂಕಟಪಟ್ಟು ಅಳುತ್ತಿದ್ದ ಒಬ್ಬೊಬ್ಬರ ಮುಖವನ್ನೂ ನೋಡುತ್ತ, ಇವಳ ಯಾವ ಗುಟ್ಟನ್ನು ಮುಚ್ಚಿಟ್ಟು ಹೋದರೋ ನರ್ಸಮ್ಮ ಎಂದು ಯೋಚಿಸುತ್ತಿದ್ದೆ. ಆಮೇಲೆ ನೋಡಿದರೆ ಅವರಲ್ಲಿ ಕೆಲವರು ನನ್ನನ್ನೂ ಹಾಗೆಯೇ ನೋಡುತ್ತಿದ್ದರು. ನಾನು ಸೆರಗನ್ನು ಕತ್ತಿನ ಸುತ್ತ ಎಳೆದುಕೊಂಡೆ.